ಕನ್ನಡದ ಹೊಸ ಲೇಖಕರಿಗೆ ಲಿಟರರಿ ಏಜೆಂಟ್ ಬೇಕಾ?

ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಮೊದಲ ಕಾದಂಬರಿ ಬರೆದಿದ್ದೀರಿ, ಏಜೆಂಟರನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಏಜೆಂಟರೆಂದರೆ ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕಿ ಒಪ್ಪಂದ ಮಾಡಿಸುವವರು. ಕನ್ನಡದಲ್ಲಷ್ಟೇ ಪ್ರಕಟಿಸುವುದಾದರೆ ಅವರು ಬೇಡ. ನಮ್ಮಲ್ಲಿ ಹಸ್ತಪ್ರತಿಯನ್ನು ನೇರ ಪ್ರಕಾಶಕರಿಗೇ ಕಳಿಸುವುದು ರೂಢಿ.

ಇಂಗ್ಲಿಷ್ ಅನುವಾದ ಮನಸ್ಸಿನಲ್ಲಿದ್ದರೆ ಮಾತು ಬೇರೆ. ನಿಮಗೆ ಹಿಡಿಸಿದ ಇಂಗ್ಲಿಷ್ ಕಾದಂಬರಿಗಳ ಕೃತಜ್ಞತೆಯ ಪುಟ ನೋಡಿ, ಎಷ್ಟೋ ಸಲ ಏಜೆಂಟರ ಹೆಸರು ಅಲ್ಲೇ ಸಿಗುತ್ತದೆ. ಒಂದು ಪುಟದ ಪತ್ರ, ಕತೆಯ ಸಾರಾಂಶ, ಅನುವಾದ ಮಾಡಿಸಿದ ಒಂದೆರಡು ಅಧ್ಯಾಯ ಕಳಿಸಿ. ನಿಮಗೆ ಬರುವ ಹಣದಲ್ಲಿ ಅವರ ಪಾಲು ಸಾಮಾನ್ಯವಾಗಿ ಶೇ. 15, ವಿದೇಶದಲ್ಲಿ ಪ್ರಕಟಿಸುವ ಹಕ್ಕುಗಳಿಗೆ ಶೇ. 20ರ ಆಸುಪಾಸು. ಬರೀ ಓದುವುದಕ್ಕೇ ಫೀಸು ಕೇಳಿದರೆ ಸುಮ್ನೆ ಎದ್ದು ಬನ್ನಿ.

ಒಂದು ಮಾತು: ಕನ್ನಡ ಪ್ರಕಾಶಕರ ಒಪ್ಪಂದದಲ್ಲಿ ಅನುವಾದದ ಹಕ್ಕನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಕಾಸರಗೋಡಿನವರಿಗೆ ಮಲಯಾಳಂ ಓದುಗರು ಪಕ್ಕದ ಮನೆಯಲ್ಲೇ ಇದ್ದಾರೆ, ಅಲ್ವಾ?