ನಿಮ್ಮ ನಾರಾಯಣಮ್ಮ ಸಾಯಲೇಬೇಕಿತ್ತೇ?

ಪ್ರಿಯ ಲೇಖಕಿಯವರೇ,

ಕಥೆ ತಲುಪಿತು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ಆದರೆ ನಿಮ್ಮ ಮೊದಲ ಎರಡು ಪುಟ ಅದಕ್ಕೆ ಬಿಡಲಿಲ್ಲ. ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಮತ್ತು ಅದರ ತಪಾಸಣೆಯ ಮೇಲೆ ನಿಮ್ಮಂತೆ ಬೇರೆಯವರೂ ಬರೆದು ಕಳಿಸುತ್ತಿದ್ದಾರೆ. ಹಾಗಾಗಿ ನಿಮ್ಮ ಹೆಸರು ಬಿಟ್ಟು ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ.

ಓದದವರಿಗಾಗಿ ಕಥೆಯ ಎಳೆ: ಶಿಡ್ಲಘಟ್ಟದ ಕಡೆಯ ಹಳ್ಳಿ, ರೇಷ್ಮೆಹುಳು ಸಾಕುವ ಮನೆ. ನಾರಾಯಣಮ್ಮನಿಗೆ 42 ವರ್ಷ. ಹದಿನಾರಕ್ಕೆ ಮದುವೆ, ನಾಲ್ಕು ಮಕ್ಕಳು. ಯುಗಾದಿಯ ಹೊತ್ತಿಗೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ನಾಚಿಕೆಯಿಂದ ಮುಚ್ಚಿಡುತ್ತಾಳೆ. ಊರಿಗೆ ಬಂದ ತಪಾಸಣೆ ಶಿಬಿರಕ್ಕೆ ‘ಅಜ್ಞಾನದಿಂದ’ ಹೋಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲ ಮಿಂಚಿ, ದೀಪಾವಳಿಗೆ ಸಾಯುತ್ತಾಳೆ. ತಿಥಿಗೆ ಬಂದ ಡಾಕ್ಟರಮ್ಮ ಊರ ಹೆಂಗಸರನ್ನು ಕೂಡಿಸಿ ಒಂದೂವರೆ ಪುಟ ಭಾಷಣ ಮಾಡುತ್ತಾರೆ.

ಆ ಭಾಷಣ ಪೂರ್ತಿ ಹೋಗಲಿ. ತಿಥಿಯೂಟಕ್ಕೆ ಬಂದವರು ಅಂಕಿಅಂಶ ಕೇಳುತ್ತಾ ಕೂರುವುದಿಲ್ಲ. ಅದರಲ್ಲೊಂದು ತಪ್ಪೂ ಇದೆ. ನಮ್ಮ ದೇಶದ ಹೆಂಗಸರಲ್ಲಿ ಮೊದಲ ಸ್ಥಾನದ ಕ್ಯಾನ್ಸರ್ ಗರ್ಭಕೊರಳಿನದಲ್ಲ, ಸ್ತನದ್ದು. ಗರ್ಭಕೊರಳಿನದು ಎರಡನೆಯದು. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಹೊಸ ರೋಗಿಗಳು, ಹತ್ತಿರ ಹತ್ತಿರ 80 ಸಾವಿರ ಸಾವು. ಭಯಪಡಿಸಲು ಇಷ್ಟೇ ಸಾಕಿತ್ತು, ಒಂದನೇ ಸ್ಥಾನಕ್ಕೆ ಏರಿಸಬೇಕಿರಲಿಲ್ಲ.

ಈಗ ಮುಖ್ಯ ತಕರಾರು. ನಿಮ್ಮ ಕಥೆಯಲ್ಲಿ ರೋಗಕ್ಕೆ ಏಳು ತಿಂಗಳು. ನಿಜದಲ್ಲಿ ಅದಕ್ಕೆ ಹದಿನೈದು ಇಪ್ಪತ್ತು ವರ್ಷ ಬೇಕು. ಈ ಕ್ಯಾನ್ಸರ್ ಬಂದವರಲ್ಲಿ ಬಹುತೇಕ ಎಲ್ಲರಿಗೂ ಅದು ಬರುವುದು ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್ಸಿನ ಸೋಂಕು ಮೈಯಲ್ಲಿ ಉಳಿದುಕೊಂಡುಬಿಟ್ಟಾಗ. ಈ ನಂಟನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗುಲಿದ ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ, ಗರ್ಭಕೊರಳಿನ ಮೇಲ್ಪದರದ ಜೀವಕೋಶಗಳನ್ನು ನಿಧಾನಕ್ಕೆ ಕೆಡಿಸುತ್ತಾ ಹೋಗುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಸಿಗದವರಲ್ಲಿ ಐದು ಹತ್ತು ವರ್ಷಕ್ಕೇ ಅದು ಕ್ಯಾನ್ಸರಿಗೆ ಮುಟ್ಟಬಹುದು.

ಲೆಕ್ಕ ಹಾಕಿ ನೋಡಿ. ನಾರಾಯಣಮ್ಮನ ಮೈಗೆ ವೈರಸ್ ಸೇರಿದ್ದು ಬಹುಶಃ ಎರಡನೆಯದೋ ಮೂರನೆಯದೋ ಬಾಣಂತನದ ಆಸುಪಾಸಿನಲ್ಲಿ. ಅಲ್ಲಿಂದೀಚೆಗೆ ಆಶಾ ಕಾರ್ಯಕರ್ತೆ ಅವಳ ಮನೆಗೆ ಎಷ್ಟು ಸಲ ಬಂದಿರಬಹುದು? ತಾಯಿ ಕಾರ್ಡಿಗೆ ಬಂದರು, ಪೋಲಿಯೊ ಹನಿಗೆ ಬಂದರು, ಮಕ್ಕಳಾಗದ ಆಪರೇಷನ್‌ಗೆ ಒಪ್ಪಿಸಲು ಬಂದರು. ಆಪರೇಷನ್ ಆಯಿತು ಅನ್ನಿ, ಅಲ್ಲಿಗೆ ಆ ಹೆಂಗಸಿನ ಗರ್ಭಕೋಶದ ಮೇಲಿನ ಆಸಕ್ತಿ ಎಲ್ಲರಿಗೂ ಮುಗಿಯಿತು. ಕಥೆ ಇರುವುದು ಈ ಇಪ್ಪತ್ತು ವರ್ಷದಲ್ಲಿ. ನೀವು ಅದನ್ನು ಬಿಟ್ಟು ಕೊನೆಯ ಏಳು ತಿಂಗಳನ್ನು ಹಿಡಿದುಕೊಂಡಿರಿ, ಹಾಗಾಗಿ ಅವಳು ಸಾಯದೆ ಬೇರೆ ದಾರಿಯೇ ಉಳಿಯಲಿಲ್ಲ.

‘ಅಜ್ಞಾನ’ದ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ನಿಮ್ಮದೇ ಎರಡನೇ ಪುಟ ತೆಗೆದು ನೋಡಿ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವಾಗಿನ ನಿದ್ದೆಯಿಂದ) ಎದ್ದಿವೆ. ನಾರಾಯಣಮ್ಮ ರಾತ್ರಿ ಹತ್ತಕ್ಕೆ ಸೊಪ್ಪು ಹಾಕಿ, ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನಕ್ಕೆ ನೆಟ್ಟಗಾಗಿ, ಸೀರೆಯ ಹಿಂಭಾಗವನ್ನು ಬಲ್ಬಿನ ಬೆಳಕಿಗೆ ತಿರುಗಿಸಿ ನೋಡಿಕೊಳ್ಳುತ್ತಾಳೆ. ಇಂಥದ್ದನ್ನು ಬರೆಯಬಲ್ಲವರು ಮುಂದಿನ ಪುಟದಲ್ಲಿ ಆ ಹುಳುಗಳನ್ನೇ ಮರೆತುಬಿಟ್ಟಿರಿ! ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಹುಳು ತಿನ್ನುವ ಸೊಪ್ಪು ಇಡೀ ಬೆಳೆಯ ಮುಕ್ಕಾಲು ಪಾಲಿಗಿಂತ ಹೆಚ್ಚು. ಹಗಲೂ ರಾತ್ರಿ ಸೊಪ್ಪು ಕೊಯ್ಯಬೇಕು, ಹಾಕಬೇಕು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಡಬೇಕು. ಶಿಬಿರ ಬಂದದ್ದು ಆ ವಾರ ಎಂದು ನೀವೇ ಬರೆದಿದ್ದೀರಿ. ಅವಳು ಹೋಗದಿದ್ದದ್ದು ಲೆಕ್ಕಾಚಾರ, ಅಜ್ಞಾನವಲ್ಲ. ಒಂದು ಬೆಳೆ ಕೈಕೊಟ್ಟರೆ ಸೊಸೈಟಿ ಸಾಲದ ಕಂತು ಯಾರು ಕಟ್ಟುತ್ತಾರೆ? ಶಿಬಿರದ ದಿನ ಗೊತ್ತುಮಾಡಿದವರು ಊರಿನ ಬೆಳೆಯನ್ನು ನೋಡಲಿಲ್ಲ ಎಂಬುದು ನಿಮ್ಮ ಕಥೆಯೊಳಗೇ ಇರುವ ಸತ್ಯ, ನಿಮಗೇ ಕಾಣಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49 ವಯಸ್ಸಿನವರಲ್ಲಿ ಈ ತಪಾಸಣೆ ಜೀವಮಾನದಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅಷ್ಟೂ ಜನರನ್ನು ಅಜ್ಞಾನಿಗಳು ಅನ್ನೋಣವೇ?

ಇನ್ನು ಪರೀಕ್ಷೆ. ತಪಾಸಣೆಯ ಮೇಲೆ ಬರೆದ ಕಥೆಯಲ್ಲಿ ತಪಾಸಣೆಯೇ ಇಲ್ಲ, ‘ಪರೀಕ್ಷೆ ನಡೆಸಲಾಯಿತು’ ಎಂಬ ಒಂದು ಸಾಲು ಬಿಟ್ಟರೆ. ಓದುವ ಹೆಂಗಸಿಗೆ ಗೊತ್ತಾಗಬೇಕಾದ್ದು ಅದೇ. ಕೋಣೆಗೆ ಬಾಗಿಲಿದೆಯೋ, ಬರೀ ಪರದೆಯೋ. ಒಳಗಿರುವುದು ಹೆಂಗಸೋ, ಗಂಡಸೋ. ಮಂಚದ ಮೇಲೆ ಮಲಗಿ ಮಂಡಿ ಮಡಿಸಿದ ಮೇಲೆ ನರ್ಸಮ್ಮ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಂ ಎಂಬ ಸಾಧನ ಇಟ್ಟು, ಹತ್ತಿಯಲ್ಲಿ 5 ಶೇಕಡಾದ ಅಸಿಟಿಕ್ ಆಸಿಡ್ ಹಚ್ಚುತ್ತಾರೆ. ಅಡುಗೆ ವಿನೆಗರ್‌ನಲ್ಲಿರುವುದೂ ಅದೇ ಆಮ್ಲ. ಸ್ವಲ್ಪ ಚುರುಗುಟ್ಟಬಹುದು. ಒಂದು ನಿಮಿಷ ಕಾಯಬೇಕು. ಕೆಟ್ಟ ಜೀವಕೋಶವಿದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಲ್ಯಾಬ್‌ಗೆ ಕಳಿಸುವುದಿಲ್ಲ, ವರದಿಗೆ ವಾರಗಟ್ಟಲೆ ಕಾಯುವುದಿಲ್ಲ. ಆ ಒಂದು ನಿಮಿಷ ಬರೆಯಿರಿ! ಅವಳು ಮೇಲೆ ಫ್ಯಾನ್ ನೋಡುತ್ತಾ ಏನು ಯೋಚಿಸಿದಳು, ನರ್ಸಮ್ಮ ಮಾತಾಡಿದರೋ ಸುಮ್ಮನಿದ್ದರೋ. ಬಾಗೇಪಲ್ಲಿ, ಚಿಂತಾಮಣಿ ಕಡೆಯವಳಾದರೆ ಅವಳ ಮಾತು ಇಲ್ಲಿ ತೆಲುಗಿಗೆ ತಿರುಗಿದರೂ ತಿರುಗಬಹುದು. ನಿಮ್ಮ ಪಾತ್ರಗಳೆಲ್ಲ ಪಠ್ಯಪುಸ್ತಕದ ಕನ್ನಡ ಆಡುತ್ತವೆ.

ಇದಕ್ಕೆ ಬೆಂಗಳೂರಿನಿಂದ ಕಾರಿನಲ್ಲಿ ಬರುವ ಡಾಕ್ಟರಮ್ಮನೇ ಬೇಕಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು 1.5 ಲಕ್ಷ ಹೆಂಗಸರನ್ನು ಒಳಗೊಂಡ ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಹೇಳಿದರು. ತಪಾಸಣೆ ಮಾಡಿದ್ದು ಹತ್ತನೇ ಕ್ಲಾಸು ಓದಿ, ನಾಲ್ಕು ವಾರ ತರಬೇತಿ ಪಡೆದ ಹೆಂಗಸರು. ಎರಡು ವರ್ಷಕ್ಕೊಮ್ಮೆ ಇದೇ ವಿನೆಗರ್ ಪರೀಕ್ಷೆ. ಗರ್ಭಕೊರಳಿನ ಕ್ಯಾನ್ಸರ್ ಸಾವು 31 ಶೇಕಡಾ ಇಳಿಯಿತು. ನಮ್ಮ ಸರ್ಕಾರಿ ಮಾರ್ಗಸೂಚಿಯೂ 2016ರಿಂದ ಇದೇ ಪರೀಕ್ಷೆಯನ್ನು ಹೇಳುತ್ತದೆ: 30ರಿಂದ 65ರವರಿಗೆ, ಐದು ವರ್ಷಕ್ಕೊಮ್ಮೆ. ಮುಟ್ಟು ನಿಂತು ವರ್ಷಗಳಾದವರಲ್ಲಿ ನೋಡಬೇಕಾದ ಭಾಗ ಒಳಗೆ ಸರಿಯುವುದರಿಂದ ಈ ಪರೀಕ್ಷೆ ಅಷ್ಟು ನಂಬಿಕೆಯದ್ದಲ್ಲ. ಆದ್ದರಿಂದ ನಿಮ್ಮ ಕಥೆಯ ಅತ್ತೆಗೆ ‘ವಯಸ್ಸಾದ ಮೇಲೆ ಇದೆಲ್ಲ ಮಾಮೂಲಿ’ ಎಂದು ಹೇಳಿಸಿದ್ದನ್ನು ತೆಗೆಯಿರಿ, ಅಥವಾ ಅಲ್ಲೇ ಯಾರಾದರೂ ಅದನ್ನು ತಿದ್ದಲಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು.

ಅದೇ ಅತ್ತೆಯ ಕಡ್ಡಿಪುಡಿ ಚಟವನ್ನು ಡಾಕ್ಟರು ಸೊಸೆಯ ಕಾಯಿಲೆಗೆ ಪಾಠ ಮಾಡಿಕೊಂಡಿದ್ದಾರೆ. ಬೀಡಿ ಸಿಗರೇಟಿನ ಹೊಗೆ ಅಪಾಯ ಹೆಚ್ಚಿಸುತ್ತದೆ ಎಂಬುದು ಗಟ್ಟಿ ಮಾತು. ಜಗಿಯುವ ತಂಬಾಕಿನ ಮಟ್ಟಿಗೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಬಾಯಿ ಕ್ಯಾನ್ಸರಿಗೆ ಬೇಕಾದರೆ ಬಳಸಿ. ಚಿಕ್ಕ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ ಎರಡೂ ನಾರಾಯಣಮ್ಮನ ಬದುಕಿನಲ್ಲೇ ಇವೆ, ಅವನ್ನು ಯಾರ ಬಾಯಲ್ಲೂ ಹೇಳಿಸಬೇಕಾಗಿಲ್ಲ. ‘ಶುಚಿಯಿಲ್ಲದ್ದೇ ಕಾರಣ’ ಎಂಬ ಸಾಲು ಮಾತ್ರ ಖಂಡಿತ ಬೇಡ. ಗಂಡನೊಬ್ಬನನ್ನು ಬಿಟ್ಟು ಯಾರನ್ನೂ ಅರಿಯದವಳಿಗೂ ಈ ಸೋಂಕು ಅವನಿಂದಲೇ ಬರಬಹುದು. ಕಾಯಿಲೆ ಬಂದವಳ ನಡತೆಯನ್ನು ಅಳೆಯಲು ಊರಿನಲ್ಲಿ ಜನ ಸಾಕಷ್ಟಿದ್ದಾರೆ, ಕಥೆಗಾರ್ತಿ ಅವರ ಸಾಲಿಗೆ ಸೇರಬಾರದು.

ಕೊನೆಗೆ ಮಗಳು ‘ನಾಳೆಯೇ ಲಸಿಕೆ ಹಾಕಿಸೋಣಮ್ಮ’ ಎಂದು ಅಳುತ್ತಾಳಲ್ಲ, ಲಸಿಕೆ ಇರುವ ಸೋಂಕನ್ನು ವಾಸಿ ಮಾಡುವುದಿಲ್ಲ. ಅದು ಸೋಂಕು ತಗುಲುವ ಮೊದಲಿನದು, ಮುಖ್ಯವಾಗಿ 9ರಿಂದ 14ರ ಹುಡುಗಿಯರಿಗೆ. ನಿಮ್ಮ ಕಥೆಯಲ್ಲಿ ಏಳನೇ ಕ್ಲಾಸಿನ ಮೊಮ್ಮಗಳೊಬ್ಬಳು ಎರಡು ಸಲ ನೀರು ತಂದುಕೊಟ್ಟು ಮಾಯವಾಗುತ್ತಾಳೆ, ಲಸಿಕೆಯ ಮಾತು ಅವಳದಾಗಬೇಕಿತ್ತು. (42ಕ್ಕೆ ಏಳನೇ ಕ್ಲಾಸಿನ ಮೊಮ್ಮಗಳು ಬರಬೇಕಾದರೆ ಮಗಳಿಗೆ ಹನ್ನೆರಡು ಹದಿಮೂರಕ್ಕೇ ಮದುವೆ ಮಾಡಿಸಬೇಕಾಗುತ್ತದೆ. ಮೊಮ್ಮಗಳನ್ನು ಕಿರಿಮಗಳನ್ನಾಗಿ ಮಾಡಿ.)

ತಿದ್ದುವುದಾದರೆ ಹೀಗೆ ಯೋಚಿಸಿ. ಅವಳಿಗೆ 35 ಇರಲಿ, ರಕ್ತ ಬೇಡ, ನೋವೂ ಬೇಡ. ಹುಳು ಹಣ್ಣಾಗಿ ಗೂಡು ಮಾರಿದ ಮರುವಾರ ಪರೀಕ್ಷೆ ಆಗಲಿ. ಬೆಳ್ಳಗಿನ ಮಚ್ಚೆ ಕಾಣಲಿ. ಮಚ್ಚೆ ಎಂದರೆ ಕ್ಯಾನ್ಸರ್ ಅಂತಲ್ಲ. ಹಾಗೆ ಕಂಡ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಜಿಲ್ಲಾ ಆಸ್ಪತ್ರೆಗೆ ಹೋಗಿ ಕಾಲ್ಪೊಸ್ಕೋಪಿ (ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುವ ಪರೀಕ್ಷೆ) ಮಾಡಿಸಲು ಚೀಟಿ ಕೊಡುತ್ತಾರೆ. ಕೆಟ್ಟ ಪದರ ಸಿಕ್ಕರೆ ಹೆಪ್ಪುಗಟ್ಟಿಸಿಯೋ ಸುಟ್ಟೋ ಅಷ್ಟನ್ನೇ ತೆಗೆಯುತ್ತಾರೆ, ಸಾಮಾನ್ಯವಾಗಿ ಗರ್ಭಕೋಶ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಆ ಚೀಟಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಲ್ಲೇ ಇರುತ್ತದೆ. ಜೊತೆಗೆ ಹೋಗುವವರಿಲ್ಲ, ಗಂಡನಿಗೆ ಹೇಗೆ ಹೇಳುವುದು, ಮೈಯಲ್ಲಿ ಏನೂ ಆಗಿಲ್ಲವಲ್ಲ. ಚೀಟಿ ಅಲ್ಲಿಂದ ಹೊರಗೆ ಬರುತ್ತದೋ ಇಲ್ಲವೋ, ನಿಮ್ಮ ಕಥೆ ಅಷ್ಟೇ.

ಜಮೀನು ಮಾರಿ ಚಿಕಿತ್ಸೆ ಮಾಡಿಸಿದರು ಎಂಬುದನ್ನೂ ಮರುಯೋಚಿಸಿ. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಹಣ ಸೋರುವುದು ಬೇರೆ ಕಡೆ: ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವ ರೇಡಿಯೇಷನ್‌ಗೆ ಬೆಂಗಳೂರಿನಲ್ಲಿ ಉಳಿಯುವ ಖರ್ಚು, ಜೊತೆಗಿರುವವರ ಊಟ, ಹೋದ ಕೂಲಿ.

ಶೀರ್ಷಿಕೆಯಲ್ಲೇ ದೀಪ ಆರಿಸಿಬಿಟ್ಟಿದ್ದೀರಿ, ಅದೂ ಬದಲಾಗಲಿ. ಎರಡನೇ ಪುಟವನ್ನು ಮುಟ್ಟಬೇಡಿ. ವಿಶೇಷಾಂಕಕ್ಕೆಂದು ಅವಸರ ಮಾಡಬೇಡಿ, ಮುಗಿದಾಗ ಕಳಿಸಿ. ಕಳಿಸುವ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಒಮ್ಮೆ ಓದಿ ಹೇಳಿ, ಅವರು ಎಲ್ಲಿ ನಕ್ಕರು ಎಂಬುದನ್ನು ಗುರುತು ಹಾಕಿಕೊಳ್ಳಿ.

— ಸಂಪಾದಕ