ಕಂಪ್ಯೂಟರ್ 'ಬೇಡ' ಅಂದ್ರೆ ನಾನೂ 'ಬೇಡ' ಅನ್ಬೇಕಾ?

ಪ್ರಶ್ನೆ: ನಾನು ಒಂದು ಸೊಸೈಟಿಲಿ ಲೋನ್ ಅರ್ಜಿ ನೋಡೋ ಕ್ಲರ್ಕ್. ಹೋದ ವರ್ಷ ಎಐ ಸಾಫ್ಟ್‌ವೇರ್ ಹಾಕಿದ್ದಾರೆ, ಅರ್ಜಿ ಕೊಟ್ಟೋರಿಗೆಲ್ಲ ಅದು ಮಾರ್ಕ್ಸ್ ಹಾಕುತ್ತೆ. ಮೊನ್ನೆ ಒಬ್ರು ಟೈಲರ್ ಅಕ್ಕ ಹೊಲಿಗೆ ಮಿಷಿನ್‌ಗೆ ಸಾಲ ಕೇಳಿದ್ರು, ಕೆಂಪು ಬಂತು. ಆರು ವರ್ಷದಿಂದ ದಿನಾ 50 ರೂಪಾಯಿ ಪಿಗ್ಮಿ ಕಟ್ತಾರೆ, ಒಂದಿನ ತಪ್ಪಿಸಿದ್ದು ನಾ ನೋಡಿಲ್ಲ. ಮ್ಯಾನೇಜರ್ 'ಸಿಸ್ಟಮ್ಮೇ ಬೇಡ ಅಂದ್ಮೇಲೆ ನಿಂದೇನಯ್ಯಾ' ಅಂದ್ರು, ರಿಜೆಕ್ಟ್ ಅಂತ ಸೈನ್ ಹಾಕ್ಬಿಟ್ಟೆ. ರಾತ್ರಿ ನಿದ್ದೆ ಬರ್ತಿಲ್ಲ. ತಪ್ಪು ನಂದಾ, ಕಂಪ್ಯೂಟರ್‌ದಾ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನಿದ್ದೆಗೆಟ್ಟಿರೋದು ನೀವು, ಸಾಫ್ಟ್‌ವೇರ್ ಆರಾಮಾಗಿದೆ ನೋಡಿ. ಸೈನ್ ನಿಮ್ದು, ಹಂಗಾಗಿ ತಪ್ಪಲ್ಲಿ ನಿಮ್ಮ ಪಾಲೂ ಇದೆ, ಸುಮ್ನೆ ಸಮಾಧಾನ ಹೇಳಲ್ಲ.

ನೆದರ್ಲ್ಯಾಂಡ್ಸ್‌ನಲ್ಲಿ ಇಂಥದ್ದೇ ಆಗಿತ್ತು. ಮಕ್ಕಳ ಡೇಕೇರ್ ಖರ್ಚಿಗೆ ಅಲ್ಲಿ ಸರ್ಕಾರ ದುಡ್ಡು ಕೊಡುತ್ತೆ, ಅದ್ರಲ್ಲಿ ಮೋಸ ಹಿಡಿಯೋಕೆ ಅಂತ ಟ್ಯಾಕ್ಸ್ ಇಲಾಖೆಯೋರು 2013ರಲ್ಲಿ ರಿಸ್ಕ್ ಸ್ಕೋರ್ ಹಾಕೋ ಪ್ರೋಗ್ರಾಂ ತಂದ್ರು, ಡಚ್ ಪೌರತ್ವ ಇಲ್ಲ ಅಂದ್ರೆ ಸ್ಕೋರ್ ಏರೋದು. ಸ್ಕೋರ್ ಏರಿದ ಫೈಲು ಒಬ್ಬ ಅಧಿಕಾರಿ ಟೇಬಲ್ಲಿಗೆ ಹೋಗ್ತಿತ್ತು, ಆದ್ರೆ ಯಾಕೆ ಏರ್ತು ಅಂತ ಆ ಪುಣ್ಯಾತ್ಮನಿಗೂ ಗೊತ್ತಾಗ್ತಿರ್ಲಿಲ್ಲ. ಕಾನೂನೂ ಕಟುಕಂದೇ, ಫಾರಂನಲ್ಲಿ ಒಂದು ಸೈನ್ ಬಿಟ್ಟೋಗಿದ್ರೂ ಕೊಟ್ಟಿದ್ದೆಲ್ಲ ವಾಪಸ್ ಕಟ್ಟಿ ಅಂತಿದ್ರು, ಹತ್ತಾರು ಸಾವಿರ ಮನೆಗಳು ಸಾಲಕ್ಕೆ ಬಿದ್ವು. ಕೊನೆಗೆ 2021 ಜನವರಿಲಿ ಸರ್ಕಾರವೇ ರಾಜೀನಾಮೆ ಕೊಡ್ತು.

ಹಂಗಂತ ಮನುಷ್ಯರ ಕೈಲಿದ್ರೆ ಎಲ್ಲ ಸರಿ ಇರುತ್ತಾ? ಡೈರೆಕ್ಟರ್ ನೆಂಟರಿಗೆ ಊಟದ ಹೊತ್ತಿಗೆಲ್ಲ ಲೋನ್ ಪಾಸಾಗೋ ಕತೆ ನಿಮಗೇ ಚೆನ್ನಾಗಿ ಗೊತ್ತಿರುತ್ತೆ, ಅಂಥ ಫೈಲನ್ನ ಸಾಫ್ಟ್‌ವೇರ್ ತಡೆದ್ರೆ ನನಗಂತೂ ಖುಷಿ. ನನ್ನ ತಕರಾರು ಒಂದೇ, ಕೆಂಪು ತೋರ್ಸುತ್ತೆ, ಕಾರಣ ಹೇಳಲ್ಲ. ಹಳೇ ಸಾಲಗಾರರ ಲೆಕ್ಕ ಇಟ್ಕೊಂಡು ಇವರೂ ಹಂಗೇ ಇರ್ಬೇಕು ಅಂತ ಅಂದಾಜು ಹೊಡಿಯುತ್ತೆ ಅಷ್ಟೆ, ಪಿಗ್ಮಿ ಪುಸ್ತಕ ಯಾರೂ ಎಂಟ್ರಿ ಮಾಡಿರದಿದ್ರೆ ಅದಕ್ಕೆ ಹೇಗೆ ಕಾಣ್ಬೇಕು? ಕಂಡಿದ್ದು ನಿಮಗೆ, ಆದ್ರೂ ಸುಮ್ನಾದ್ರಿ.

ಈಗ್ಲೂ ಹೊತ್ತು ಮೀರಿಲ್ಲ. ಪಿಗ್ಮಿ ಲೆಡ್ಜರ್ ಝೆರಾಕ್ಸ್ ತೆಗೆದು, ಎರಡು ಸಾಲು ಟಿಪ್ಪಣಿ ಬರೆದು ಫೈಲನ್ನ ಮತ್ತೆ ಮೇಲಕ್ಕೆ ಕಳ್ಸಿ. ಮ್ಯಾನೇಜರ್ ಮತ್ತೆ ಬೇಡ ಅಂದ್ರೆ, ಯಾಕೆ ಬೇಡ ಅಂತ ಅವರ ಕೈಲೇ ಬರೆಸ್ಕೊಳ್ಳಿ, 'ಸಿಸ್ಟಂ ಹೇಳ್ತು' ಅಂತ ಬರೆದ್ರೆ ಒಪ್ಬೇಡಿ. ಆ ಅಕ್ಕನಿಗೂ ಇದ್ದಿದ್ದು ಇದ್ದಂಗೆ ಹೇಳಿ ಇನ್ನೊಂದು ಅರ್ಜಿ ಹಾಕ್ಸಿ, ಆಷಾಢ ಮುಗಿಯೋದ್ರೊಳಗೆ ಮಿಷಿನ್ ಬಂದ್ರೆ ಶ್ರಾವಣದ ಮದುವೆ ಬ್ಲೌಸ್ ಆರ್ಡರ್ ಆದ್ರೂ ಕೈಗೆ ಸಿಗುತ್ತೆ.