ಶಕ್ತಿನಗರದ ಹೊಗೆ ನಮಗೆ, ಕರೆಂಟ್ ದರ ಮಾತ್ರ ಎಲ್ಲರಿಗೂ ಒಂದೇ ಯಾಕೆ?

ನೀವು ಕೇಳಿದ್ದು: ಆರ್‌ಟಿಪಿಎಸ್ (ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ) ಇರೋದು ರಾಯಚೂರಲ್ಲಿ, ಆದ್ರೂ ನಮಗೆ ಕರೆಂಟ್ ಅಗ್ಗ ಯಾಕಿಲ್ಲ? ದರ ಇಡೋದು ನಮ್ಮ ಕಡೆ ಕರೆಂಟ್ ಹಂಚೋ ಕಂಪನಿ ಜೆಸ್ಕಾಂನಾ, ಸರ್ಕಾರನಾ?

ಕಾನೂನಿನ ಪ್ರಕಾರ ಇಬ್ಬರೂ ಅಲ್ಲ. ನನ್ನದು ರಾಯಚೂರಲ್ಲಿ ಒಂದು ಹಿಟ್ಟಿನ ಗಿರಣಿ. ಬಾಡಿಗೆಗಿಂತ ಕರೆಂಟ್ ಬಿಲ್ಲೇ ಜಾಸ್ತಿ, ಅದಕ್ಕೇ ಇದನ್ನೆಲ್ಲ ತಿಳ್ಕೊಳ್ಳಬೇಕಾಯ್ತು.

ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರ ಕರೆಂಟ್ ತಯಾರಿಸೋ ಸರ್ಕಾರಿ ನಿಗಮ ಕೆಪಿಸಿಯದು, ಜೆಸ್ಕಾಂನದಲ್ಲ. ಅಲ್ಲಿ ಹುಟ್ಟಿದ ಕರೆಂಟ್ ರಾಜ್ಯದ ಗ್ರಿಡ್ಡಿಗೆ ಸೇರುತ್ತೆ. ಕಾಲುವೆಗೆ ಬಿದ್ದ ಮೇಲೆ ಯಾವ ಹಳ್ಳದ ನೀರು ಯಾವುದು ಅಂತ ಯಾರು ಹೇಳ್ತಾರ್ರೀ? ಮನೆ ಮೀಟರಿಗೆ ಈಗ ಬೆಂಗಳೂರಲ್ಲೂ ನಮ್ಮಲ್ಲೂ ದರ ಒಂದೇ. ಬೂದಿ ಮಾತ್ರ ನಮ್ಮ ಪಾಲಿಗೆ, ಆ ಸಿಟ್ಟು ನನಗೂ ಇದೆ.

ದರ ಇಡೋದು 1999ರಲ್ಲಿ ಬಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಜೆಸ್ಕಾಂ (ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ಕೆಇಬಿನೇ) ಮುಂದಿನ ವರ್ಷದ ಖರ್ಚಿನ ಲೆಕ್ಕ ಆಯೋಗದ ಮುಂದಿಡಬೇಕು. ಅದರಲ್ಲಿ ದೊಡ್ಡ ಪಾಲು ಕರೆಂಟ್ ಕೊಳ್ಳೋ ಹಣ, ಆಮೇಲೆ ಸಂಬಳ, ಬಡ್ಡಿ, ಲೈನಿನಲ್ಲಿ ಸೋರಿ ಹೋಗೋದು. ಸೋರಿಕೆಗೆ ಆಯೋಗ ಒಂದು ಮಿತಿ ಹಾಕುತ್ತೆ. ಮಿತಿ ಮೀರಿದ್ದನ್ನ ಗ್ರಾಹಕನ ತಲೆಗೆ ಕಟ್ಟೋ ಹಾಗಿಲ್ಲ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಇದೊಂದೇ.

ಸರ್ಕಾರದ ಕೈ ಎಲ್ಲಿದೆ ಅಂದ್ರೆ, ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸೋದು ಸರ್ಕಾರವೇ. ಇನ್ನು ಯಾರಿಗಾದ್ರೂ ಪುಕ್ಕಟೆ ಕೊಡಬೇಕಂದ್ರೆ, 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ ಪ್ರಕಾರ ಆ ಹಣವನ್ನ ಸರ್ಕಾರ ಮುಂಗಡವಾಗಿ ಕಂಪನಿಗೆ ಕಟ್ಟಬೇಕು. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಸೊನ್ನೆ ಆದ್ರೂ ದರ ಸೊನ್ನೆ ಆಗಿಲ್ಲ, ನಿಮ್ಮ ಪರವಾಗಿ ಖಜಾನೆ ಕಟ್ಟುತ್ತೆ. 10 ಎಚ್‌ಪಿ ತನಕದ ಪಂಪ್‌ಸೆಟ್ಟಿನದೂ ಇದೇ ಲೆಕ್ಕ.

ಅಂದ್ರೆ ಆಯೋಗ ಪೂರ್ತಿ ಸ್ವತಂತ್ರವಾ? 2023ರಲ್ಲಿ ವಿಧಾನಸಭೆಗೆ ಮತದಾನ ಆದದ್ದು ಮೇ 10ಕ್ಕೆ, ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆಯ ಆದೇಶ ಹೊರಬಿದ್ದದ್ದು ಮೇ 12ಕ್ಕೆ. ಜಾರಿ ಮಾತ್ರ ಏಪ್ರಿಲ್ 1ರಿಂದಲೇ. ಜೂನ್‌ನಲ್ಲಿ ಹಳೇ ಬಾಕಿ ಸೇರಿ ಬಂದ ಬಿಲ್ ನೋಡಿ ಜನ ಹೊಸ ಸರ್ಕಾರವನ್ನ ಬೈದರು, ಅವರು ಇದು ಮೊದಲೇ ಆದ ಆದೇಶ ಅಂದರು. ತಾರೀಕು ಕಾಕತಾಳೀಯ ಅಂತ ನಂಬೋಕೆ ನನ್ನ ಕೈಲಿ ಆಗಲ್ಲ.

ನಮ್ಮ ಮಾತಿಗೂ ಜಾಗ ಇದೆ. ದರ ಅರ್ಜಿ ಬಂದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಹಾಕ್ತಾರೆ. ಕೊಟ್ಟ ಗಡುವಿನೊಳಗೆ ಅಫಿಡವಿಟ್ ಜೊತೆ ಆಕ್ಷೇಪಣೆ ಕಳಿಸಬಹುದು, ಕಲಬುರಗಿಯಲ್ಲಿ ಆಯೋಗ ನಡೆಸೋ ವಿಚಾರಣೆಗೆ ಹೋಗಿ ಮಾತಾಡಬಹುದು. ನಾನೊಮ್ಮೆ ಹೋಗಿದ್ದೆ. ಒಂದು ದಿನ ಗಿರಣಿ ಬಂದ್, ಬಸ್ ಚಾರ್ಜ್ ಬೇರೆ. "ದರ ಜಾಸ್ತಿ ಆಯ್ತು" ಅಂದವರ ಮಾತು ಅಲ್ಲೇ ಮುಗೀತು, ಅರ್ಜಿಯೊಳಗಿನ ಅಂಕಿ ಹಿಡಿದು ಕೇಳಿದವರಿಗೆ ಕಂಪನಿ ಉತ್ತರ ಕೊಡಬೇಕಾಯ್ತು.

ಮೀಟರ್ ಕೆಟ್ಟಿದೆ, ಬಿಲ್ ತಪ್ಪಿದೆ ಅಂತ ಮಾತ್ರ ಆಯೋಗಕ್ಕೆ ಬರೀಬೇಡಿ. ಅದಕ್ಕೆ ಮೊದಲು ಸೆಕ್ಷನ್ ಆಫೀಸು, ಅಲ್ಲಿ ಬಗೆಹರೀದಿದ್ರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಮೇಲ್ಮನವಿ ಕೇಳೋ ಅಧಿಕಾರಿ ಓಂಬುಡ್ಸ್‌ಮನ್. ದೂರು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.